ಹೆಸರು ಬೀಜಕ್ಕೆ ರೈಜೋಬಿಯಂ ಹಚ್ಚುವುದು ಹೇಗೆ?

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದೆ. ಆದರೂ ನಾವು ಯೂರಿಯಾಕ್ಕಾಗಿ ಸಾಲಿನಲ್ಲಿ ನಿಲ್ಲುತ್ತೇವೆ. ಸಾರಜನಕದ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಅವನ್ನು ಬಿಡಿಸುವುದು ಗಿಡದ ಕೈಲಾಗದು. ಕಾರ್ಖಾನೆಗೂ ಸುಮಾರು 400 ಡಿಗ್ರಿ ಶಾಖ, ಭಾರಿ ಒತ್ತಡ ಬೇಕು. ಅದೇ ಕೆಲಸವನ್ನು ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಬೇರಿನ ಗಂಟಿನೊಳಗೆ ಕೂತು ಸದ್ದಿಲ್ಲದೆ ಮಾಡುತ್ತದೆ!

ಮೊದಲು ರೈಜೋಬಿಯಂ ಪುಡಿಯ ಪ್ಯಾಕೆಟ್ ನೋಡಿ ತನ್ನಿ. ಹೆಸರುಕಾಳಿಗೆಂದೇ ಇರುವುದು ಬೇಕು. ಸೋಯಾದ್ದು, ಕಡಲೆಯದ್ದು ನಡೆಯುವುದಿಲ್ಲ. ಒಳಗಿರುವುದು ಜೀವ. ಅವಧಿ ಮುಗಿದಿದ್ದರೆ, ಬಿಸಿಲಿಗೆ ಬಿದ್ದಿದ್ದರೆ ಸುಮ್ನೆ ದುಡ್ಡು ದಂಡ.

ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ. ಪೂರ್ತಿ ಆರಲಿ. ಆಮೇಲೆ 200 ಗ್ರಾಂ ಪುಡಿ ಕಲಸಿ. ಇದು 10 ಕಿಲೋ ಬೀಜಕ್ಕೆ ಸಾಕು. ಬೀಜದ ಸಿಪ್ಪೆ ಸುಲಿಯದಂತೆ ಹಗುರಾಗಿ ಕಲಸಿ, ನೆರಳಲ್ಲಿ ಹರಡಿ ಒಣಗಿಸಿ, ಅಂದೇ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಯೂರಿಯಾ ಜಾಸ್ತಿ ಸುರಿಯಬೇಡಿ. ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಕೆಲಸ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ವಿಜ್ಞಾನಿಗಳು ಐಸೊಟೋಪ್, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ ನೆರವು ಪಡೆಯುತ್ತಾರೆ. ಗಾಳಿಯ ಸಾರಜನಕದಲ್ಲಿ ಶೇ 99.6ರಷ್ಟು ಸಾರಜನಕ-14, ಉಳಿದ ಚೂರು ಸಾರಜನಕ-15. ಎರಡರಲ್ಲೂ ವಿಕಿರಣವಿಲ್ಲ. ಸಾರಜನಕ-15 ಹೆಚ್ಚಿರುವ ಗೊಬ್ಬರವನ್ನು ಮಣ್ಣಿಗೆ ಹಾಕಿ, ಗಿಡದಲ್ಲಿ ಅದರ ಪ್ರಮಾಣ ಎಷ್ಟು ತೆಳುವಾಗಿದೆ ಎಂದು ಅಳೆಯುತ್ತಾರೆ. ತೆಳುವಾದಷ್ಟೂ ಗಾಳಿಯಿಂದ ಬಂದ ಪಾಲು ಜಾಸ್ತಿ ಎಂದರ್ಥ.

ನಮಗೆ ಸಲಿಕೆ, ಬ್ಲೇಡು ಸಾಕು. ಬಿತ್ತಿ ತಿಂಗಳು ದಾಟಿ ಹೂ ಬಿಡುವ ಹೊತ್ತಿಗೆ ಹೊಲದ ನಾಲ್ಕೈದು ಕಡೆ ಗಿಡ ಅಗೆಯಿರಿ. ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಬೇರು ತೊಳೆದು, ದಪ್ಪ ಗಂಟೊಂದನ್ನು ಸೀಳಿ. ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ. ನಮ್ಮ ರಕ್ತದ ಕೆಂಪಿಗೆ ಹತ್ತಿರದ ಸಂಬಂಧಿಯಾದ ವಸ್ತುವೇ ಅಲ್ಲಿ ಆಮ್ಲಜನಕವನ್ನು ಹತೋಟಿಯಲ್ಲಿ ಇಡುತ್ತದೆ. ಎಷ್ಟು ಸೊಗಸು, ಅಲ್ವಾ? ಬಿಳಿ ಇದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ಕೆಲಸ ಮಾಡುತ್ತಿಲ್ಲ. ಹಸಿರು, ಕಂದು ಆಗಿದ್ದರೆ ಅದರ ಕಾಲ ಮುಗಿದಿದೆ.

ಒಂದು ಎಚ್ಚರ: ಬೇರಿಗೆ ಹತ್ತುವ ಜಂತುಹುಳದ (ನೆಮಟೋಡ್) ಗಂಟೂ ಹೀಗೇ ಕಾಣುತ್ತದೆ. ಉಗುರಲ್ಲಿ ಒತ್ತಿ ನೋಡಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಸುಲಭವಾಗಿ ಕಳಚಿ ಬರುತ್ತದೆ. ಜಂತುಹುಳದ್ದಾದರೆ ಬೇರು ತಾನೇ ಊದಿಕೊಂಡಿರುತ್ತದೆ, ಕಳಚುವುದಿಲ್ಲ.