ಕೊಯ್ಲಿಗೆ ಮುಂಚೆ ಪಾಲಕ್‌ಗೆ ಚಳಿ ಕೊಡುವ ಬಗೆ

ಜಪಾನಿನ ಉತ್ತರದ ತೊಹೊಕು ಪ್ರದೇಶದಲ್ಲಿ ನಡು ಚಳಿಗಾಲ ಬಂತೆಂದರೆ ರೈತರು ಪಾಲಿಹೌಸಿನ ಪಕ್ಕದ ಹಾಳೆಗಳನ್ನು ಬೇಕೆಂದೇ ಮೇಲೆ ಸುತ್ತಿಬಿಡುತ್ತಾರೆ. ಒಳಗಿರುವುದು ಕೊಯ್ಲಿಗೆ ಬಂದ ಪಾಲಕ್. ಎರಡು ವಾರ ಥಂಡಿ ಗಾಳಿ ತಾಗಿದರೆ ಗಿಡ ನೆಲಕ್ಕೆ ಹರಡಿಕೊಳ್ಳುತ್ತದೆ, ಎಲೆ ದಪ್ಪಗಾಗಿ ಸುಕ್ಕುಗಟ್ಟುತ್ತದೆ, ಸೊಪ್ಪು ಸಿಹಿಯಾಗುತ್ತದೆ. ಅಲ್ಲಿ ಇದಕ್ಕೆ ಕಂಜಿಮೆ ಎನ್ನುತ್ತಾರೆ. ಚಳಿ ದೇಶಗಳಲ್ಲಿ ಹಿತ್ತಲು ಇರುವವರು ಸಣ್ಣ ಪ್ಲಾಸ್ಟಿಕ್ ಸುರಂಗದಲ್ಲೂ ಇದನ್ನು ಮಾಡಬಹುದು.

ಚಳಿಯಲ್ಲಿ ಗಿಡದ ಬೆಳವಣಿಗೆ ನಿಲ್ಲುತ್ತದೆ. ಆದರೆ ಬಿಸಿಲಿದ್ದರೆ ಎಲೆ ಸಕ್ಕರೆ ತಯಾರಿಸುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಖರ್ಚಾಗದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ತಣ್ಣಗಿನ ಮಣ್ಣಿನಿಂದ ಬೇರು ನೀರನ್ನೂ ಕಡಿಮೆ ಎಳೆಯುವುದರಿಂದ ರಸ ಇನ್ನಷ್ಟು ಗಟ್ಟಿಯಾಗುತ್ತದೆ. ಗಟ್ಟಿ ರಸ ಬೇಗ ಹೆಪ್ಪುಗಟ್ಟುವುದಿಲ್ಲ. ಗಿಡ ಹೀಗೆ ಜೀವ ಉಳಿಸಿಕೊಳ್ಳುತ್ತದೆ, ನಮಗೆ ರುಚಿ ಸಿಗುತ್ತದೆ.

ಬೀಜದ ವಿಷಯದಲ್ಲೇ ಬಹಳ ಜನ ಎಡವುತ್ತಾರೆ. ನಮ್ಮೂರಿನ ಅಂಗಡಿಯಲ್ಲಿ ಪಾಲಕ್ ಎಂದು ಸಿಗುವುದು ಹೆಚ್ಚಾಗಿ ಬೀಟ್‌ರೂಟ್ ಜಾತಿಯ ಸೊಪ್ಪು. ಅದರ ಬೀಜ ಒರಟು ಗಂಟಿನಂತಿದ್ದು, ಒಂದರಿಂದಲೇ ಎರಡು ಮೂರು ಮೊಳಕೆ ಬರುವುದುಂಟು. ಇಲ್ಲಿ ಬೇಕಾದದ್ದು ಸ್ಪಿನಾಚ್. ಅದರ ಬೀಜ ಉರುಟಾಗಿರುತ್ತದೆ, ಇಲ್ಲವೇ ಮುಳ್ಳುಮುಳ್ಳಾಗಿರುತ್ತದೆ. ಅದರಲ್ಲೂ ಸುಕ್ಕು ಎಲೆಯ, ಚಳಿಗಾಲಕ್ಕೆಂದೇ ಮಾರುವ ತಳಿ ಆರಿಸಿ.

ಚಳಿ ಗಿಡವನ್ನು ಸಿಹಿ ಮಾಡುತ್ತದೆಯೇ ಹೊರತು ಬೆಳೆಸುವುದಿಲ್ಲ. ಆದ್ದರಿಂದ ದಿನದ ಸರಾಸರಿ ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಹೊತ್ತಿಗೆ ಗಿಡ 20ರಿಂದ 25 ಸೆಂಟಿಮೀಟರ್ ಆಗಿರಬೇಕು. ತೊಹೊಕುವಿನಂಥ ಹವೆಯಲ್ಲಿ ಇದಕ್ಕೆ ಸೆಪ್ಟೆಂಬರ್ ಕೊನೆಯ ಆಸುಪಾಸಿನ ಬಿತ್ತನೆ ಸರಿ. ನಿಮ್ಮೂರಿನ ಲೆಕ್ಕ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ಸಲ ಬಿತ್ತಿ. ಒಂದಾದರೂ ಹದಕ್ಕೆ ಬರುತ್ತದೆ. ಬೇಗ ಬಿತ್ತಿದರೆ ಗಿಡ ಬಲಿತು ಅಡಿ ಎಲೆ ಹಳದಿಯಾಗುತ್ತದೆ. ತಡವಾದರೆ ಅಂಗೈಯಷ್ಟೇ ಆಗಿ ನಿಂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಅಷ್ಟೇ.

ಬೀಜ ಒಂದೂವರೆ ಸೆಂಟಿಮೀಟರ್ ಆಳದಲ್ಲಿರಲಿ. ಸಾಲಿನಿಂದ ಸಾಲಿಗೆ 20ರಿಂದ 25, ಗಿಡದಿಂದ ಗಿಡಕ್ಕೆ ಸುಮಾರು 15 ಸೆಂಟಿಮೀಟರ್ ಬಿಡಿ, ಏಕೆಂದರೆ ಚಳಿಯಲ್ಲಿ ಗಿಡ ಅಗಲಕ್ಕೆ ಹರಡುತ್ತದೆ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಕೊಟ್ಟು ಪಿಎಚ್ 6.5ರಿಂದ 7ಕ್ಕೆ ತನ್ನಿ. ಕೊನೆಕೊನೆಯಲ್ಲಿ ಯೂರಿಯಾ ಬೇಡವೇ ಬೇಡ: ಎಲೆ ಕಡುಹಸಿರಾಗಿ ಚೆನ್ನಾಗಿ ಕಾಣುತ್ತದೆ, ನೈಟ್ರೇಟ್ ಏರುತ್ತದೆ, ಸಿಹಿ ಬರುವುದಿಲ್ಲ.

ಹೊದಿಕೆಯನ್ನು ಒಮ್ಮೆಲೇ ತೆಗೆಯಬೇಡಿ. ಬೆಚ್ಚಗಿದ್ದ ಗಿಡಕ್ಕೆ ಒಂದೇ ರಾತ್ರಿಯಲ್ಲಿ ಮೈನಸ್ 5 ಬಡಿದರೆ ಎಲೆಯಂಚು ಬೆಳ್ಳಗೆ ಸುಡುತ್ತದೆ. ಮೊದಲ ವಾರ ಹಗಲು ಮಾತ್ರ ತೆರೆದು ರಾತ್ರಿ ಮುಚ್ಚಿ. ಆಮೇಲೆ ಹಗಲೂ ರಾತ್ರಿಯೂ ತೆರೆದಿಡಿ. ನೀರನ್ನು ಈ ಹಂತದಲ್ಲಿ ಬಹುಮಟ್ಟಿಗೆ ನಿಲ್ಲಿಸಿ. ಚಾವಣಿ ಹಾಳೆ ಹಾಗೇ ಇರಲಿ, ಏಕೆಂದರೆ ಗಿಡದ ಮೇಲೆ ಹಿಮ ಮುಚ್ಚಿದರೆ ಬೆಳಕು ಸಿಗದೆ ಸಕ್ಕರೆ ಕೂಡುವುದಿಲ್ಲ. ಹಿಮ ಒಳಗೆ ನುಗ್ಗುವ ದಿನ ಪಕ್ಕಗಳನ್ನೂ ಇಳಿಸಿ. ಮೈನಸ್ 8ಕ್ಕಿಂತ ಕೆಳಗೆ ಹೋಗುವ ರಾತ್ರಿ ತೆಳು ಬಟ್ಟೆ ಹೊದಿಸುವುದು ಕ್ಷೇಮ. ಬೆಳಗ್ಗೆ ತೆಗೆಯಲು ಮರೆಯಬೇಡಿ.

ಗಾಳಿಯ ತಾಪಮಾನಕ್ಕಿಂತ ಮಣ್ಣಿನದ್ದನ್ನು ನೋಡುವುದು ಒಳ್ಳೆಯದು. 10 ಸೆಂಟಿಮೀಟರ್ ಆಳದಲ್ಲಿ 8 ಡಿಗ್ರಿಗಿಂತ ಕೆಳಗಿಳಿದು ಅಲ್ಲೇ ನಿಂತರೆ ಸಿಹಿ ಏರತೊಡಗುತ್ತದೆ. ಬೆಂಗಳೂರಿನ ಡಿಸೆಂಬರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಎರಡು ರಾತ್ರಿ ಚಳಿ ಬಿತ್ತೆಂದು ಅಲ್ಲಿ ಇದನ್ನು ಪ್ರಯತ್ನಿಸುವುದು ವ್ಯರ್ಥ.

ನಾಲಿಗೆಯ ಮೇಲೆ ನಂಬಿಕೆ ಇಲ್ಲದಿದ್ದರೆ ರಸದ ಸಿಹಿ ಅಳೆಯುವ ಪುಟ್ಟ ಉಪಕರಣ ರಿಫ್ರ್ಯಾಕ್ಟೋಮೀಟರ್ ಬಳಸಿ. ಕಿತ್ತ ಎಲೆ ಕೋಣೆಯ ಬಿಸಿಗೆ ಬಂದ ಮೇಲೆ ಬೆಳ್ಳುಳ್ಳಿ ಜಜ್ಜುವ ಒತ್ತುಗದಲ್ಲಿ ತೊಟ್ಟನ್ನು ಹಿಂಡಿ ಎರಡು ಹನಿ ಹಾಕಿದರೆ ಸಾಕು. ಅದು ತೋರಿಸುವ ಅಂಕಿ 8 ಬ್ರಿಕ್ಸ್ (ರಸದಲ್ಲಿ ಕರಗಿದ ಸಕ್ಕರೆ ಮೊದಲಾದವುಗಳ ಅಳತೆ) ದಾಟಿದರೆ ಕೊಯ್ಯಬಹುದು. ಆದರೆ ಬಾಡಿದ ಗಿಡವೂ ದೊಡ್ಡ ಅಂಕಿ ತೋರಿಸುತ್ತದೆ, ಅದು ಸಿಹಿಯಲ್ಲ. ಆದ್ದರಿಂದ ಪ್ರತಿ ಸಲವೂ ಒಂದೇ ಪ್ರಾಯದ, ಬಾಡದ ಎಲೆಯನ್ನೇ ಅಳೆಯಿರಿ.

ಬೆಳಗ್ಗೆ ಹೆಪ್ಪುಗಟ್ಟಿದ ಸೊಪ್ಪನ್ನು ಮುಟ್ಟಬೇಡಿ. ಎಲೆ ಗಾಜಿನಂತೆ ಮುರಿಯುತ್ತದೆ. ಮುರಿಯದಿದ್ದರೂ ಕರಗಿದ ಮೇಲೆ ನೀರು ನೀರಾಗಿ ಕೊಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಿಡ ಸುಧಾರಿಸಿಕೊಂಡು ಎಲೆ ಬಿರುಸಾಗುತ್ತದೆ, ಹಗಲಿನ ಸಕ್ಕರೆಯೂ ಸೇರಿರುತ್ತದೆ. ಆಗ ಬುಡದಲ್ಲಿ, ಬೇರಿನ ಮೇಲ್ತುದಿ ಸ್ವಲ್ಪ ಸೊಪ್ಪಿನ ಜೊತೆಗೇ ಉಳಿಯುವಂತೆ ಕತ್ತರಿಸಿ. ಹಾಗೆ ಮಾಡಿದರೆ ಹರಡಿದ ಎಲೆಗಳು ಬಿಡಿಬಿಡಿಯಾಗುವುದಿಲ್ಲ. ಮಣ್ಣು ಸುಕ್ಕಿನೊಳಗೆ ಕೂತಿರುತ್ತದೆ, ಮೂರು ನೀರಿನಲ್ಲಾದರೂ ತೊಳೆಯಿರಿ.

ನಡುವೆ ನಾಲ್ಕೈದು ದಿನ ಬಿಸಿ ಬಂದರೆ ಗಿಡ ಮತ್ತೆ ಬೆಳೆಯಲು ಹೊರಟು ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಹಾಗಾಗಿ ಹವಾಮಾನ ವರದಿಯಲ್ಲಿ ಬಿಸಿ ಕಂಡರೆ ಕಾಯದೆ ಕೊಯ್ದುಬಿಡಿ. ಮಾರ್ಚ್ ತನಕ ಬಿಟ್ಟರಂತೂ ಹಗಲು ಉದ್ದವಾಗುತ್ತಿದ್ದಂತೆ ಹೂದಂಟು ಏಳುತ್ತದೆ. ಬೇಯಿಸುವಾಗ ಒಂದು ನಿಮಿಷಕ್ಕಿಂತ ಹೆಚ್ಚು ಕುದಿಸಿ ನೀರು ಬಸಿದರೆ ಸಿಹಿಯೆಲ್ಲ ಆ ನೀರಿನ ಜೊತೆ ಹೋಗುತ್ತದೆ. ಬಸ್ಸಾರು ಮಾಡುವವರಿಗೆ ಮಾತ್ರ ಈ ಚಿಂತೆ ಇಲ್ಲ.