ಒಂದೇ ಮೇಜು, ಇಬ್ಬರ ಅಳತೆ: ನನ್ನ ಅನುಭವ

ನಾನು 4 ಅಡಿ 11 ಇಂಚು, ನಮ್ಮನೆಯವರು 6 ಅಡಿ. ಮನೆಯಲ್ಲಿರುವುದು ಒಂದೇ ಮೇಜು. ಹಗಲು ನಾನು ಅಲ್ಲಿ ಅನುವಾದದ ಕೆಲಸ ಮಾಡುತ್ತೇನೆ, ಸಂಜೆ ಅವರು ತಮ್ಮ ಲೆಕ್ಕಪತ್ರ ಹರಡಿಕೊಂಡು ಕೂರುತ್ತಾರೆ. ಭುಜ ನೋವು ಮಾತ್ರ ನನಗೊಬ್ಬಳಿಗೇ. ಕೂರುವ ರೀತಿ ಸರಿಯಿಲ್ಲ ಅಂತ ಎಲ್ಲರೂ ಹೇಳಿದರು. ನಾನು ಟೇಪು ತಗೊಂಡೆ.

ಮೊದಲು ಅಳೆಯಬೇಕಾದ್ದು ಕುರ್ಚಿಯನ್ನಲ್ಲ, ಮೊಣಕೈಯನ್ನು. ಪಾದ ಪೂರ್ತಿ ನೆಲಕ್ಕೆ ಊರಿ, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ ಕೂರಬೇಕು. ಇನ್ನೊಬ್ಬರು ನೆಲದಿಂದ ಮೊಣಕೈವರೆಗೆ ಅಳೆಯಬೇಕು. ಕುರ್ಚಿ ಎಷ್ಟು ಇಳಿಸಿದರೂ ನನ್ನ ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ಹಾಗಾಗಿ ಮೋಟು ಸ್ಟೂಲಿನ ಮೇಲೆ ಕೂತೆ. ನನ್ನದು 23 ಇಂಚು ಬಂತು, ಅವರದು 28. ಮೇಜು 30. ಅಂಗಡಿಯ ಮೇಜುಗಳು ಹೆಚ್ಚುಕಮ್ಮಿ ಎಲ್ಲಾ 29-30 ಇಂಚಿನವೇ. ಕುರ್ಚಿ ತುಸು ಏರಿಸಿದರೆ ಅವರಿಗೆ ಸರಿಹೋಗುತ್ತದೆ. ನನಗೋ ಮೇಜು 7 ಇಂಚು ಎತ್ತರ, ಕೈ ಮೇಲೆತ್ತಿಯೇ ಟೈಪ್ ಮಾಡುತ್ತಿದ್ದೆ. ಕೈ ಮೇಲಿದ್ದರೆ ಭುಜವೂ ಕಿವಿ ಕಡೆ ಏರಿಕೊಂಡೇ ಇರುತ್ತದೆ. ನೋಯದೆ ಇನ್ನೇನು?

ಬಡಗಿಯನ್ನು ಕರೆಸಿದೆ. ನೋಡಿದವನೇ, "ಮೇಡಂ, ಕಾಲು ಕತ್ತರಿಸಿಬಿಡ್ಲಾ?" ಅಂದ. ಮೇಜಿನ ಕಾಲು ಕತ್ತರಿಸಿದರೆ ನಮ್ಮನೆಯವರ ಮಂಡಿ ಹಲಗೆಗೆ ತಾಗುತ್ತದೆ. ಬೇಡಪ್ಪಾ ಅಂದೆ. ಮೇಜು ಇಳಿಯದಿದ್ದರೆ ನಾನು ಏರಬೇಕು, ನನ್ನ ಜೊತೆ ನೆಲವೂ ಏರಬೇಕು. ಕುರ್ಚಿಯನ್ನು ಪೂರ್ತಿ ಮೇಲಕ್ಕೆತ್ತಿದರೆ ಸೀಟು 22 ಇಂಚಿಗೆ ಬಂತು, ಮೊಣಕೈ ಮೇಜಿನ ಮಟ್ಟಕ್ಕೆ ಕೂತಿತು. ಕಾಲು ಜೋತಾಡಿತು. ಕಾಲು ಹಾಗೆ ನೇತಾಡಿದರೆ ಸೀಟಿನ ಅಂಚು ತೊಡೆಯ ಅಡಿಗೆ ಒತ್ತಿ ಜೋಮು ಹಿಡಿಯುತ್ತದೆ. ಅದಕ್ಕೆ 7 ಇಂಚಿನ ಕಾಲುಮಣೆ ಮಾಡಿಸಿದೆ. ಅಗಲ ಒಂದೂವರೆ ಅಡಿ, ಯಾಕಂದ್ರೆ ಕಾಲು ಒಂದೇ ಕಡೆ ಇರಲ್ಲ, ಅತ್ತಿತ್ತ ಸರಿಯುತ್ತಿರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಮೇಜಿನ ಅಡಿ ಡ್ರಾಯರ್ ಇತ್ತು, ನೆಲದಿಂದ 25 ಇಂಚಿಗೆ. ಏರಿ ಕೂತ ನನ್ನ ತೊಡೆಯ ಮೇಲ್ಭಾಗ 27 ಇಂಚಿಗೆ ಬರುತ್ತದೆ. ಡ್ರಾಯರನ್ನು ಹಳಿ ಸಮೇತ ಕೀಳಿಸಿದೆ, ಪೆನ್ನು ಕ್ಲಿಪ್ಪೆಲ್ಲ ಒಂದು ಬಿಸ್ಕತ್ ಡಬ್ಬಿಗೆ ಹೋದವು. ಆಮೇಲೆ ಕುರ್ಚಿಯ ಕೈಗಳು. ಅವು ಮೇಜಿನ ಅಂಚಿಗೆ ತಗುಲಿ ಕುರ್ಚಿಯನ್ನು ಒಳಗೆ ಬಿಡುತ್ತಿರಲಿಲ್ಲ. ಮೇಲಾಗಿ ಅವುಗಳ ನಡುವಿನ ಅಂತರ ನನ್ನ ಭುಜಕ್ಕೆ ತೀರಾ ಜಾಸ್ತಿ, ಕೈಯಿಟ್ಟರೆ ರೆಕ್ಕೆ ಬಿಚ್ಚಿದ ಹಾಗೆ. ಅಲೆನ್ ಕೀ ಹಾಕಿ ಎರಡನ್ನೂ ಬಿಚ್ಚಿದೆ.

ಸೀಟಿನ ಆಳವನ್ನು ಯಾರೂ ನೋಡುವುದೇ ಇಲ್ಲ. ಬೆನ್ನು ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು-ಮೂರು ಬೆರಳಿನ ಜಾಗ ಇರಬೇಕು. ನನಗೆ ಒಂದು ಬೆರಳೂ ತೂರುತ್ತಿರಲಿಲ್ಲ. ಅದಕ್ಕೇ ನಾನು ಯಾವಾಗಲೂ ಮುಂದಕ್ಕೆ ಜರುಗಿ, ಒರಗದೆ ಕೂರುತ್ತಿದ್ದದ್ದು. ಮೆತ್ತನೆ ದಿಂಬಿಟ್ಟರೆ ಕುಸಿಯುತ್ತದೆ. ಹಳೇ ಜಮಖಾನ ಬಿಗಿಯಾಗಿ ಮಡಚಿ ಸೊಂಟದ ಹಿಂದೆ ಕಟ್ಟಿದೆ, ಸರಿಹೋಯಿತು.

ದಸರೆಗೆ ಬಂದಿದ್ದ ನಾದಿನಿ ಇದೇ ಜಾಗದಲ್ಲಿ ಕೂತು, "ಅತ್ತಿಗೆ, ಮೇಜು ನನಗೆ ಎತ್ತರ ಆಯ್ತು" ಅಂದಳು. ಅವಳೂ ನನ್ನಷ್ಟೇ ಎತ್ತರ! ಅಳೆದರೆ, ಕೂತಾಗ ಅವಳ ಮೊಣಕೈ ನನ್ನದಕ್ಕಿಂತ ಒಂದೂವರೆ ಇಂಚು ಕೆಳಗೆ. ಅವಳಿಗೆ ಕಾಲು ಉದ್ದ, ನನಗೆ ಮೈ ಉದ್ದ. ಅಮೆರಿಕದ ವಾಯುಪಡೆಯಲ್ಲಿದ್ದ ಗಿಲ್ಬರ್ಟ್ ಡೇನಿಯಲ್ಸ್ 4,063 ಪೈಲಟ್‌ಗಳ ಹತ್ತು ಅಳತೆಗಳನ್ನು ಹೋಲಿಸಿ ನೋಡಿದ್ದರು. ಹತ್ತರಲ್ಲೂ ಸರಾಸರಿಗೆ ಹತ್ತಿರ ಇದ್ದವರು ಒಬ್ಬರೂ ಸಿಗಲಿಲ್ಲ ಅಂತ 1952ರಲ್ಲಿ ಬರೆದರು. ಹಾಗಾಗಿ "ನಿಮ್ಮ ಎತ್ತರಕ್ಕೆ ಕುರ್ಚಿ ಇಷ್ಟು" ಅನ್ನುವ ಪಟ್ಟಿಗಳನ್ನು ನಾನು ನಂಬುವುದಿಲ್ಲ.

ಪರದೆಯ ವಿಷಯದಲ್ಲೂ ಇದೇ ಕಥೆ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಅಂತಾರೆ. ನನ್ನದು ಪ್ರೋಗ್ರೆಸಿವ್ ಕನ್ನಡಕ. ಅದರಲ್ಲಿ ಹತ್ತಿರದ್ದನ್ನು ಓದುವ ಭಾಗ ಕೆಳಗಿರುತ್ತದೆ. ಹೇಳಿದ ಎತ್ತರಕ್ಕೆ ಇಟ್ಟರೆ ಗಲ್ಲ ಮೇಲೆತ್ತಿ ಓದಬೇಕು, ಕತ್ತು ಹಿಡಿಯುತ್ತದೆ. ಮೂರಿಂಚು ಇಳಿಸಿ, ಪರದೆಯನ್ನು ತುಸು ಹಿಂದಕ್ಕೆ ವಾಲಿಸಿ, ಅಕ್ಷರ ದೊಡ್ಡದು ಮಾಡಿಕೊಂಡೆ. ನಂಬರ್ ಪ್ಯಾಡ್ ಇಲ್ಲದ ಚಿಕ್ಕ ಕೀಬೋರ್ಡ್ ತಂದೆ. ಮೌಸ್ ಮೂರ್ನಾಲ್ಕು ಇಂಚು ಹತ್ತಿರ ಬಂತು, ಬಲಭುಜ ಅರ್ಧ ಹಗುರಾಯಿತು.

ಏರಿಸಿ ಇಳಿಸುವ ಮೇಜು ಯಾಕೆ ತಗೊಳ್ಳಲಿಲ್ಲ ಅಂತ ಕೇಳುತ್ತಾರೆ. ನೋಡಿದ್ದೆ. ಅಗ್ಗದವು ಸಾಮಾನ್ಯವಾಗಿ 28 ಇಂಚಿಗಿಂತ ಕೆಳಗೆ ಇಳಿಯುವುದಿಲ್ಲ. ನನ್ನಂಥವರು ಅದು ಎಷ್ಟು ಏರುತ್ತದೆ ಅಂತ ಕೇಳಬಾರದು, ಎಷ್ಟು ಇಳಿಯುತ್ತದೆ ಅಂತ ಕೇಳಬೇಕು. ಒಂದರೊಳಗೊಂದು ಸೇರುವ ಮೂರು ತುಂಡಿನ ಕಾಲಿರುವವು 24ರ ಹತ್ತಿರ ಇಳಿಯುತ್ತವೆ, ಬೆಲೆ ಜಾಸ್ತಿ.

ಈಗ ದಿನಾ ಸಂಜೆ ಜಾಗ ಬದಲಾಗುತ್ತದೆ. ನನಗೆ ಗುರುತು ಬೇಡ, ಕುರ್ಚಿ ಪೂರ್ತಿ ಮೇಲೆ. ಅವರ ಎತ್ತರಕ್ಕೆ ಮೇಜಿನ ಕಾಲಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದ್ದೇನೆ, ಸೀಟಿನ ಅಂಚು ಅದಕ್ಕೆ ಸರಿಯಾಗಿ ನಿಲ್ಲಬೇಕು. ಜಮಖಾನ ಬಿಚ್ಚಿ, ಕಾಲುಮಣೆ ಒದ್ದು ಒಳಗೆ ತಳ್ಳಿ ಕೂರುತ್ತಾರೆ. ಕೂತು, ಮಾನಿಟರ್ ಬಿಟ್ಟು ಲ್ಯಾಪ್‌ಟಾಪಿಗೇ ಬಗ್ಗುತ್ತಾರೆ. ಅದನ್ನು ಎತ್ತರಿಸೋಕೆ ಸ್ಟ್ಯಾಂಡ್ ಮಾಡಿಕೊಡು ಅಂತ ಬಡಗಿಗೆ ಹೇಳಿದ್ದೇನೆ, ಇನ್ನೂ ಬಂದಿಲ್ಲ.