ಮೊದಲು ಬೆಚ್ಚಗಿಡಿ: ನಾಜೂಕು ಹಸುಗೂಸಿನ ಆರೈಕೆ ಹೀಗೆ

ದಿನ ತುಂಬುವ ಮುಂಚೆ ಹುಟ್ಟಿದ ಮಗು, ಎರಡೂವರೆ ಕಿಲೋ ಕೂಡ ತೂಗದ ಮಗು, ಮೈ ಹಳದಿಯಾದ ಮಗು. ಎಳೆಗೂಸುಗಳ ವಾರ್ಡಿನಲ್ಲಿ ಜಾಸ್ತಿ ಕಾಣುವುದು ಇಂಥವರೇ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಇರಲಿ, ಮಗುವನ್ನು ಮನೆಗೆ ಕರೆತಂದ ಅಪ್ಪ ಅಮ್ಮ ಇರಲಿ, ಎಲ್ಲರಿಗೂ ಒಂದೇ ದಿಗಿಲು: ಏನನ್ನು ಮೊದಲು ನೋಡಬೇಕು? ಕೈಯನ್ನು ಸೋಪು ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ. ಆಮೇಲೆ ಮೊದಲು ನೋಡಬೇಕಾದ್ದು ಮಗು ಬೆಚ್ಚಗಿದೆಯಾ ಅಂತ.

ಇದಕ್ಕೆ ಕಾರಣ ಇದೆ. ನಮಗೆ ಚಳಿಯಾದರೆ ಮೈ ನಡುಗುತ್ತದೆ, ನಡುಗಿದರೆ ಕಾವು ಹುಟ್ಟುತ್ತದೆ. ಹಸುಗೂಸಿಗೆ ಹಾಗೆ ನಡುಗಲು ಬರುವುದಿಲ್ಲ. ಮೈಯಲ್ಲಿರುವ ಒಂದು ಬಗೆಯ ಕಂದು ಕೊಬ್ಬನ್ನು ಉರಿಸಿ ಅದು ಕಾವು ಮಾಡಿಕೊಳ್ಳುತ್ತದೆ. ಬೇಗ ಹುಟ್ಟಿದ ಮಗುವಿಗೆ ಆ ಕೊಬ್ಬೂ ಕಡಿಮೆ. ತಣ್ಣಗಾದ ಮಗು ಹಾಲು ಚೀಪಲಾರದು. ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರಾಟಕ್ಕೂ ತೊಂದರೆಯಾಗುತ್ತದೆ. ಒಂದು ತೊಂದರೆ ಇನ್ನೊಂದನ್ನು ಎಳೆದುಕೊಂಡು ಬರುವುದು ಹೀಗೆ.

ನಿಮ್ಮ ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಅಂಗಾಲು ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಕಾಲು ತಣ್ಣಗಿದ್ದರೆ ಚಳಿ ಶುರುವಾಗಿದೆ ಅಂತ ಅರ್ಥ. ಎರಡೂ ತಣ್ಣಗಿದ್ದರೆ ತಡ ಮಾಡುವಂತಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ಬೆಚ್ಚಗಿಡಲು ತಾಯಿಯ ಎದೆಗಿಂತ ಒಳ್ಳೆಯ ಜಾಗ ಇಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು, ಅಂದರೆ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ ಪದ್ಧತಿ ಇದು. ಈಗ ಎಲ್ಲೆಡೆ ಇದನ್ನು ಕಾಂಗರೂ ಆರೈಕೆ ಅನ್ನುತ್ತಾರೆ. ತಾಯಿ ಸ್ವಲ್ಪ ಒರಗಿ ಕೂರಲಿ. ಮಗುವಿಗೆ ಕುಲಾವಿ, ಕಾಲುಚೀಲ, ಡೈಪರ್ ಇಷ್ಟೇ ಸಾಕು. ಎದೆಯ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಅದಕ್ಕೇ ಗದ್ದ ತುಸು ಮೇಲಿರಬೇಕು. ಕೈಕಾಲು ಕಪ್ಪೆಯ ಹಾಗೆ ಮಡಚಿರಲಿ. ಬಟ್ಟೆಯನ್ನು ಮಗುವಿನ ಕಿವಿಯ ಕೆಳಗಿನವರೆಗೆ ತಂದು, ಹೊಟ್ಟೆಗೆ ಉಸಿರಾಡಲು ಜಾಗ ಬಿಟ್ಟು ಕಟ್ಟಿ. ದಿನಕ್ಕೆ 8 ಗಂಟೆಯಾದರೂ ಹೀಗಿರಬೇಕು, ಜಾಸ್ತಿಯಾದಷ್ಟೂ ಒಳ್ಳೆಯದು. ತಾಯಿಗೆ ಸುಸ್ತಾದರೆ ಅಪ್ಪ ಎದೆಗೆ ಕಟ್ಟಿಕೊಳ್ಳಲಿ. ಬಿಸಿನೀರಿನ ಚೀಲ ಮಾತ್ರ ದಯವಿಟ್ಟು ಇಡಬೇಡಿ. ಎಳೆ ಚರ್ಮ ಸುಟ್ಟುಹೋಗುತ್ತದೆ.

ಇನ್ನು ಉಸಿರು. ಮಗು ಸುಮ್ಮನಿದ್ದಾಗ ಹೊಟ್ಟೆಯ ಏರಿಳಿತ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಎಳೆಗೂಸು ಸ್ವಲ್ಪ ಹೊತ್ತು ಬೇಗ ಬೇಗ ಉಸಿರಾಡಿ, ಒಂದೆರಡು ಕ್ಷಣ ನಿಂತು, ಮತ್ತೆ ಶುರು ಮಾಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿದರೇ ಸರಿಯಾದ ಲೆಕ್ಕ. 30ರಿಂದ 60ರ ಒಳಗಿದ್ದರೆ ಚಿಂತೆಯಿಲ್ಲ. 60 ದಾಟಿದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಡಾಕ್ಟರ್ ನೋಡಲೇಬೇಕು.

ಹಾಲಿನ ವಿಷಯದಲ್ಲಿ ಒಂದು ಮಾತು: ಅಳಲಿ ಅಂತ ಕಾಯಬೇಡಿ. ನಾಜೂಕು ಮಗು ಹಸಿದರೂ ಅಳದೆ ಮಲಗಿಬಿಡುತ್ತದೆ. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ. ತೀರಾ ಬೇಗ ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಅಂಥ ಮಗುವಿಗೆ ಹಿಂಡಿದ ಎದೆಹಾಲನ್ನು ಆಸ್ಪತ್ರೆಯಲ್ಲಿ ಟ್ಯೂಬಿನಲ್ಲೋ ಪುಟ್ಟ ಬಟ್ಟಲಿನಲ್ಲೋ ಕೊಡುತ್ತಾರೆ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಅಂತ ತಿಳಿಯಿರಿ.

ಕೈಕಾಲು ಅದುರುತ್ತಿದ್ದರೆ ಆ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಹಿಡಿದಾಗ ನಿಂತರೆ ಅದು ಬರೀ ಅದುರು. ಆದರೂ ಸಕ್ಕರೆ ಕಡಿಮೆಯಾಗಿರಬಹುದು, ಪರೀಕ್ಷೆ ಮಾಡಿಸಿ. ಹಿಡಿದರೂ ನಿಲ್ಲದಿದ್ದರೆ ಅದು ಫಿಟ್ಸ್.

ಹಳದಿ ಬಣ್ಣ, ಅಂದರೆ ಕಾಮಾಲೆ, ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಮೊದಲ ವಾರ ಬರುತ್ತದೆ. ಹಗಲು ಬೆಳಕಿನಲ್ಲಿ ಹಣೆ, ಎದೆ, ಕಾಲನ್ನು ಬೆರಳಿನಿಂದ ಮೆತ್ತಗೆ ಒತ್ತಿ ಬಿಡಿ. ಒತ್ತಿದ ಜಾಗದ ಬಣ್ಣ ನೋಡಿ. ಹಳದಿ ಮುಖದಿಂದ ಕೆಳಗಿಳಿಯುತ್ತಾ ಹೋಗುತ್ತದೆ. ಹುಟ್ಟಿದ 24 ಗಂಟೆಯೊಳಗೆ ಕಂಡರೆ, ಇಲ್ಲವೇ ಅಂಗೈ ಅಂಗಾಲಿಗೆ ಇಳಿದರೆ, ಕೂಡಲೇ ರಕ್ತಪರೀಕ್ಷೆ ಆಗಬೇಕು.

ಇದಕ್ಕೆ ಕೊಡುವ ಬೆಳಕಿನ ಚಿಕಿತ್ಸೆಯ ಹಿಂದೆ ಒಬ್ಬ ನರ್ಸ್ ಇದ್ದಾರೆ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಮಕ್ಕಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯೆಲ್ಲ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಜಾಗ ಮಾತ್ರ ಹಳದಿಯಾಗೇ ಉಳಿದಿದ್ದನ್ನು ಅವರು ಗಮನಿಸಿದರು. ಅದನ್ನು ಡಾಕ್ಟರಿಗೆ ತೋರಿಸಿದರು. 1958ರಲ್ಲಿ ಅಲ್ಲಿನ ಡಾಕ್ಟರುಗಳು ಬೆಳಕಿನ ಚಿಕಿತ್ಸೆಯ ವಿವರ ಪ್ರಕಟಿಸಿದರು. ಮಗುವಿನ ಬಟ್ಟೆ ಬಿಚ್ಚಿ ನೋಡುವ ಒಂದೇ ಒಂದು ನಿಮಿಷ ಎಷ್ಟು ದೊಡ್ಡದು, ಅಲ್ವಾ? ಹಾಗಂತ ಮನೆಯ ಬಿಸಿಲು ಈ ಚಿಕಿತ್ಸೆಗೆ ಬದಲಿಯಲ್ಲ. ಬಿಸಿಲಲ್ಲಿ ಚರ್ಮ ಸುಡಬಹುದು, ನೆರಳಿಗೆ ಬಂದರೆ ಮೈ ತಣ್ಣಗಾಗಬಹುದು. ನೀಲಿ ಬೆಳಕಿನಡಿ ಮಲಗಿಸಿದಾಗ ಕಣ್ಣಿಗೆ ಪಟ್ಟಿ ಕಟ್ಟಬೇಕು, ಮೂಗು ಮುಚ್ಚದಂತೆ. ಮೈಗೆ ಎಣ್ಣೆ ಬೇಡ. ಜ್ವರ ಆಗಾಗ ನೋಡಿ. ಹಾಲು ಕುಡಿಸಲು ಧಾರಾಳವಾಗಿ ಹೊರಗೆ ತೆಗೆಯಿರಿ, ಆ ಹೊತ್ತಿನಲ್ಲಿ ಕಣ್ಣಿನ ಪಟ್ಟಿ ಬಿಚ್ಚಿ. ತಾಯಿ ಮಗು ಮುಖ ನೋಡಿಕೊಳ್ಳಲಿ.

ಹೊಕ್ಕುಳನ್ನು ಒಣಗಿದಂತೆ ಇಡಿ. ಸುತ್ತ ಕೆಂಪಾದರೆ, ಕೀವು ಬಂದರೆ ತೋರಿಸಿ.

ಹಾಲು ಬಿಟ್ಟುಬಿಟ್ಟರೆ, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಹೋದರೆ, ನರಳಿದರೆ, ಮುಟ್ಟಿದರೂ ಮಿಸುಕಾಡದಿದ್ದರೆ, ಫಿಟ್ಸ್ ಬಂದರೆ, ತುಟಿ ನೀಲಿಯಾದರೆ, ಜ್ವರದಿಂದ ಮೈ ಸುಡುತ್ತಿದ್ದರೆ ಅಥವಾ ಬೆಚ್ಚಗೆ ಮಾಡಿದರೂ ತಣ್ಣಗೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಮಗುವಿನ ತಲೆಗೆ ಕುಲಾವಿ ಹಾಕಿ, ತಾಯಿಯ ಎದೆಗೆ ಕಟ್ಟಿ. ಮೂಗು ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ದಾರಿಯುದ್ದಕ್ಕೂ ಒಬ್ಬರ ಕಣ್ಣು ಅದರ ಉಸಿರಿನ ಮೇಲಿರಲಿ.